ದನಕ್ಕೆಂದು ಬಂದ ಅಜ್ಜಿ

ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗ ನಾನು ಗುನುಗುತ್ತೇನಂತೆ. ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ಸಾಗರದ ನಮ್ಮ ಮನೆಗೆ ಸೊಸೆ ಬಂದ ಮೇಲೆ ಅವಳು ಕಂಡುಹಿಡಿದದ್ದು. "ಅತ್ತೆ, ಪ್ಯಾಕೆಟ್ ಹಾಲಿಗೂ ಜೋಗುಳ ಹಾಡ್ಬೇಕಾ?" ಎಂದು ಕೇಳಿದಳು. ಅದು ಜೋಗುಳವೂ ಅಲ್ಲ, ಹಾಡೂ ಅಲ್ಲ. ಮಾತಿಲ್ಲ, ರಾಗವಿಲ್ಲ, ಮೂಗಿನಲ್ಲೇ ಹೊರಡುವ ಒಂದು 'ಹುಂ... ಹುಂಹುಂ...' ಅಷ್ಟೆ. ಸಂಗೀತ ಬಲ್ಲವರು ಕೇಳಿದರೆ ನೆಗಡಿಯಾಗಿದೆಯೇ ಎಂದು ವಿಚಾರಿಸಿಯಾರು. ನಾಚಿಕೆಯಾಗಿ ಮರುದಿನ ಬಾಯಿ ಬಿಗಿಹಿಡಿದು ಕತ್ತರಿಸಲು ಹೋದೆ. ಕೈ ತಪ್ಪಿ ಅರ್ಧ ಹಾಲು ಅಡುಗೆಕಟ್ಟೆಯ ಮೇಲೆ ಹರಿಯಿತು. ಸೊಸೆ ಬಟ್ಟೆ ತಂದು ಒರೆಸುತ್ತ, "ಹಾಡೋದೇ ವಾಸಿ ಅತ್ತೆ" ಎಂದಳು.

ಅಂದಿನಿಂದ ಸಂಕೋಚವಿಲ್ಲದೆ ಗುನುಗುತ್ತಿದ್ದೇನೆ. ಆದರೆ ಈ ಗುನುಗು ನನ್ನದಲ್ಲ. ನನಗೆ ಅಮ್ಮನಿಂದ ಬಂತು, ಅಮ್ಮನಿಗೆ ಅವಳ ಅಮ್ಮನಿಂದ. ಅವರಿಬ್ಬರೂ ಇದನ್ನು ಹಸುವಿನ ಕೆಚ್ಚಲಿನ ಮುಂದೆ ಕುಳಿತು ಗುನುಗುತ್ತಿದ್ದರು. ಹಾಲು ಕರೆಯಲು ಒಂದು ದಿನವೂ ಸರಿಯಾಗಿ ಕಲಿಯದ ನಾನು ಪ್ಲಾಸ್ಟಿಕ್ಕಿನ ಮುಂದೆ ಗುನುಗುತ್ತಿದ್ದೇನೆ.

ಅರವತ್ತರ ದಶಕದಲ್ಲಿ ರಿಪ್ಪನ್‌ಪೇಟೆಯಲ್ಲಿ ನಮ್ಮದೊಂದು ಹೋಟೆಲಿತ್ತು. ಹೋಟೆಲು ಎಂದರೆ ನೀವು ಏನೇನೋ ಊಹಿಸಿಕೊಳ್ಳಬೇಡಿ. ಬಸ್ಸು ನಿಲ್ಲುವ ಕಡೆ ಎರಡು ಬೆಂಚು, ಒಂದು ಒಲೆ, ಗಾಜಿನ ಪೆಟ್ಟಿಗೆಯಲ್ಲಿ ನಿನ್ನೆಯ ಬನ್ಸು. ಹಿಂದುಗಡೆಯೇ ನಮ್ಮ ಮನೆ, ಮನೆಯ ಹಿಂದೆ ಕೊಟ್ಟಿಗೆ. ನಮ್ಮ ಅಪ್ಪಯ್ಯ ತೀರ್ಥಹಳ್ಳಿ ಕಡೆಯವನು. ಅಣ್ಣತಮ್ಮಂದಿರು ಗದ್ದೆ ಹಂಚಿಕೊಂಡಾಗ ತನ್ನ ಪಾಲಿಗೆ ಬಂದದ್ದು ಕಾಲು ಚಾಚಿ ಮಲಗಲಿಕ್ಕೂ ಸಾಲದು ಎಂದು ನಗುತ್ತ, ಪೇಟೆಗೆ ಬಂದು ಟೀ ಕಾಸಲು ಶುರುಮಾಡಿದವನು. ಅವನ ಟೀ ಚೆನ್ನಾಗಿರುತ್ತಿತ್ತು. ಹಾಲು ಸಿಕ್ಕ ದಿನ.

ಹಾಲು ಸಿಗುವುದೇ ಕಷ್ಟ ಎಂದರೆ ಈಗಿನವರು ನಂಬುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕು ಸುತ್ತಿದರೂ ಆಗ ದನಕ್ಕೆ ಬರವಿರಲಿಲ್ಲ. ಸಂಜೆ ದನ ಮನೆಗೆ ಬರುವ ಹೊತ್ತಿಗೆ ರಸ್ತೆಯಲ್ಲಿ ಬಸ್ಸು ನಿಲ್ಲಿಸಿಕೊಂಡು ಕಾಯಬೇಕಾಗುತ್ತಿತ್ತು. ಆದರೆ ಅವೆಲ್ಲ ನಮ್ಮ ಮಲೆನಾಡಿನ ಗಿಡ್ಡ ದನಗಳು. ಇಡೀ ದಿನ ಗುಡ್ಡ ಹತ್ತಿ ಇಳಿದು, ಸಂಜೆ ಮನೆಗೆ ಬಂದು, ಮಾಲೀಕನ ಮೇಲೆ ಕನಿಕರಪಟ್ಟಂತೆ ಒಂದು ಲೋಟ ಹಾಲು ಕೊಡುತ್ತಿದ್ದವು. ಅವನ್ನು ಸಾಕುತ್ತಿದ್ದದ್ದೂ ಹಾಲಿಗಲ್ಲ, ಗೊಬ್ಬರಕ್ಕೆ. ಸಗಣಿಯನ್ನು ಅಳೆದು ನೋಡುವವರಿದ್ದರು, ಹಾಲನ್ನು ಅಳೆಯುವವರಿರಲಿಲ್ಲ. ಕರು ಕುಡಿದು, ದೇವರಿಗೆ ಇಟ್ಟು, ಉಳಿದದ್ದನ್ನು ಹೆಪ್ಪು ಹಾಕಿದರೆ ಮಜ್ಜಿಗೆ. ಮಜ್ಜಿಗೆ ಯಾರು ಬಂದು ಕೇಳಿದರೂ ಕೊಡಬೇಕು. ಹಾಲನ್ನು ಮಾತ್ರ ಮಾರಬಾರದು, ಮಾರಿದರೆ ದನ ಬತ್ತುತ್ತದೆ ಎಂಬ ನಂಬಿಕೆ.

ಹಾಗೆಂದು ಅಪ್ಪಯ್ಯನಿಗೆ ಯಾರೂ ಹಾಲು ಕೊಡುತ್ತಿರಲಿಲ್ಲ ಎಂದಲ್ಲ. ಕೊಡುತ್ತಿದ್ದರು, ಕದ್ದು. ಕತ್ತಲಾಗುವ ಮೊದಲು ಹಿತ್ತಲ ಬಾಗಿಲಿಗೆ ಹೆಂಗಸರು ಸೆರಗಿನಡಿ ತಂಬಿಗೆ ಹಿಡಿದು ಬರುತ್ತಿದ್ದರು. "ಮಾರಾಕೆ ತಂದಿದ್ದಲ್ಲ ಮತ್ತೆ, ಹೆಚ್ಚಾಗಿತ್ತು" ಎನ್ನುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಅಮ್ಮ ಅದೇ ತಂಬಿಗೆಯಲ್ಲಿ ಸಕ್ಕರೆಯನ್ನೋ ಟೀ ಪುಡಿ ಪೊಟ್ಟಣವನ್ನೋ ಹಾಕಿ ಕೊಡುತ್ತಿದ್ದಳು. ಇಷ್ಟಾದರೂ ಅವರ ಭಯ ಹೋಗುತ್ತಿರಲಿಲ್ಲ. ಹೊಸಿಲು ದಾಟಿದ ಹಾಲಿಗೆ ದೃಷ್ಟಿಯಾಗದಿರಲೆಂದು ಒಂದು ಇದ್ದಿಲ ಚೂರನ್ನೋ ಒಣಮೆಣಸಿನಕಾಯಿಯನ್ನೋ ತಂಬಿಗೆಯೊಳಗೆ ಹಾಕಿ ತರುತ್ತಿದ್ದರು. ಹೀಗಾಗಿ ಅಪ್ಪಯ್ಯನ ಟೀಗೆ ಒಮ್ಮೊಮ್ಮೆ ಮಸಿಯ ಬಣ್ಣ, ಒಮ್ಮೊಮ್ಮೆ ಖಾರ. ಮರದ ದಿಮ್ಮಿ ಸಾಗಿಸುವ ಲಾರಿಯ ಡ್ರೈವರ್ ಇಬ್ರಾಹಿಂ ಸಾಬರು ಒಂದು ದಿನ ಟೀ ಕುಡಿದು ಕಣ್ಣೊರೆಸಿಕೊಂಡು, "ಗೌಡ್ರೇ, ಶೀತಕ್ಕೆ ಭಾರೀ ಒಳ್ಳೇದು ಇದು, ಎಂತ ಹಾಕಿದೀರಿ?" ಎಂದು ಕೇಳಿದರು. ಅಪ್ಪಯ್ಯ ಗಂಭೀರವಾಗಿ, "ಅದೊಂದು ಬೇರು, ಎಲ್ಲಾ ಕಡೆ ಸಿಗಾದಿಲ್ಲ" ಎಂದುಬಿಟ್ಟ. ಮರುದಿನದಿಂದ ಸಾಬರು ಬಂದಕೂಡಲೇ "ಬೇರಿನ ಟೀ ಕೊಡಿ" ಎನ್ನುತ್ತಿದ್ದರು. ಅವರಿಗಾಗಿ ಮೆಣಸಿನಕಾಯಿ ಬೇರೆ ಹಾಕಬೇಕಾಯಿತು.

ಈ ಕಷ್ಟ ತಪ್ಪಿಸಲು ಅಪ್ಪಯ್ಯ ಒಂದು ಸಿಂಧಿ ಹಸು ತಂದ. ದನದ ಡಾಕ್ಟರು ಹೇಳಿ ಕೊಡಿಸಿದ್ದು. ಕೆಂಪು ಮೈ, ಜೋಲುವ ಗಂಗೆದೊಗಲು, ಹಿಂದಿನ ಕಾಲುಗಳ ನಡುವೆ ಬಿಂದಿಗೆಯಂಥ ಕೆಚ್ಚಲು. ಅದನ್ನು ನೋಡಲು ಊರಿಗೆ ಊರೇ ಬಂತು. ನಮ್ಮ ಗಿಡ್ಡಗಳಂತೂ ಮೂಲೆಗೆ ಸರಿದು ನಿಂತು ಅದನ್ನೇ ನೋಡುತ್ತಿದ್ದವು. ಹೆಸರಿಡಲು ಯಾರಿಗೂ ತೋಚಲಿಲ್ಲ. ಸಿಂಧಿ ಎಂದೇ ಕರೆದೆವು. ಇಡೀ ಕೊಟ್ಟಿಗೆಯ ಗಿಡ್ಡಗಳು ಸೇರಿ ಕೊಡುವುದಕ್ಕಿಂತ ಹೆಚ್ಚು ಹಾಲನ್ನು ಅದೊಂದೇ ಕೊಡುತ್ತಿತ್ತು. ಆದರೆ ಅಮ್ಮನಿಗೆ ಮಾತ್ರ.

ಅಮ್ಮ ಹೋಗಿ ಕುಳಿತು 'ಹುಂ... ಹುಂಹುಂ...' ಎಂದು ಶುರುಮಾಡಿದರೆ ಸಿಂಧಿ ಕಣ್ಣು ಅರೆಮುಚ್ಚಿ ಸೊರೆ ಬಿಡುತ್ತಿತ್ತು, ಹಾಲು ತಾನಾಗಿ ಕೆಚ್ಚಲಿಗೆ ಇಳಿಯುತ್ತಿತ್ತು. ಬೇರೆ ಯಾರು ಕುಳಿತರೂ ಹಾಲನ್ನು ಮೇಲಕ್ಕೆಳೆದುಕೊಂಡು ನಿಲ್ಲುತ್ತಿತ್ತು. ಅಪ್ಪಯ್ಯನೂ ಒಮ್ಮೆ ಗುನುಗಿ ನೋಡಿದ. ಬೀಡಿ ಸೇದಿ ಸೇದಿ ಹಾಳಾದ ಅವನ ಗಂಟಲಿನಿಂದ ಹೊರಟದ್ದು ಯಾವ ಜಾತಿಯ ಸದ್ದೋ, ಸಿಂಧಿ ತಂಬಿಗೆಯನ್ನು ಬೇಲಿಯಾಚೆ ಒದೆಯಿತು. ಅವನು ಎದ್ದು ಮೊಣಕಾಲು ತಿಕ್ಕಿಕೊಳ್ಳುತ್ತ, "ನೀನುಂಟು, ನಿನ್ನ ದನ ಉಂಟು" ಎಂದು ಅಮ್ಮನಿಗೆ ಒಪ್ಪಿಸಿದ. ಅವತ್ತಿನಿಂದ ಅಮ್ಮ ಒಂದು ರಾತ್ರಿಯೂ ಮನೆ ಬಿಟ್ಟು ಹೋಗುವಂತಿರಲಿಲ್ಲ. ಮದುವೆ, ನಾಮಕರಣ, ಎಲ್ಲ ಕಡೆಗೂ ಅಪ್ಪಯ್ಯ ಒಬ್ಬನೇ ಹೋಗಿ, "ಅವಳಿಗೆ ದನ ಇದೆ" ಎಂದು ಹೇಳಿ ಉಂಡು ಬರುತ್ತಿದ್ದ. ಕೇಳಿದವರು ಅದೇನೋ ಕಾಯಿಲೆ ಎಂಬಂತೆ ಅಯ್ಯೋ ಎನ್ನುತ್ತಿದ್ದರು.

ಹೀಗಿರುವಾಗಲೇ ಅಜ್ಜಿಯ ಊರು ಮುಳುಗುವ ದಿನ ಹತ್ತಿರ ಬಂದದ್ದು.

ಅಜ್ಜಿ ಎಂದರೆ ಅಮ್ಮನ ಅಮ್ಮ. ಹೊಸನಗರ ದಾಟಿ ನಿಟ್ಟೂರಿನ ಕಡೆ ಹೋಗುವ ದಾರಿಯಲ್ಲಿ, ಶರಾವತಿಯ ದಂಡೆಯ ಮೇಲಿನ ಒಂದು ಚಿಕ್ಕ ಊರು ಅವಳದು. ಕೆಳಗೆಲ್ಲೋ ಹೊಳೆಗೆ ಕಟ್ಟೆ ಕಟ್ಟಿ ಮುಗಿಯುತ್ತ ಬಂದಿತ್ತು. ಮುಂದಿನ ಮಳೆಗಾಲಕ್ಕೆ ನೀರು ಹಿಂದಕ್ಕೆ ಏರಿ ಊರನ್ನು ತುಂಬುತ್ತದೆ ಎಂದು ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದರು. ಅಜ್ಜ ತೀರಿಕೊಂಡು ಬಹಳ ಕಾಲವಾಗಿತ್ತು. ಅಮ್ಮ ಒಬ್ಬಳೇ ಮಗಳು. ನಮ್ಮ ಮನೆಗೆ ಬಾ ಎಂದು ಅಮ್ಮ ಹೇಳಿಕಳಿಸಿದ್ದಕ್ಕೆ ಅಜ್ಜಿ ಕೊಟ್ಟ ಉತ್ತರ, "ಅಳಿಯನ ಮನೆ ಅನ್ನಕ್ಕೆ ಕೂರಾದಿಲ್ಲ" ಎಂದು. ಊರಿನವರ ಜೊತೆಗೆ ಎಲ್ಲೋ ಶಿವಮೊಗ್ಗದ ಆಚೆ ಕಾಡು ಕಡಿದು ಕೊಡುವ ಜಾಗಕ್ಕೆ ಹೋಗಿ, ತಾನೂ ಒಂದು ಗುಡಿಸಲು ಕಟ್ಟಿಕೊಳ್ಳುತ್ತಾಳಂತೆ. ಅವಳ ಬೆನ್ನು ಆಗಲೇ ಬಾಗಿತ್ತು. ಆ ವಯಸ್ಸಿನಲ್ಲಿ ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ಹೇಗಿರುತ್ತಾಳೆ ಎಂದು ಅಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಅಜ್ಜಿಯದು ಬರೀ ಹಟ ಎಂದುಕೊಳ್ಳಬೇಡಿ. ಆಗಿನ ಕಾಲದಲ್ಲಿ ಮಗಳ ಮನೆಯಲ್ಲಿ ಒಂದು ಹೊತ್ತು ಉಳಿದರೂ ಹಿರಿಯರು ನಾಲ್ಕು ಸಲ ಯೋಚಿಸುತ್ತಿದ್ದರು. ಅತ್ತೆಯಾದವಳು ಅಳಿಯನ ಎದುರು ಬರುತ್ತಿರಲಿಲ್ಲ, ನೇರ ಮಾತೂ ಆಡುತ್ತಿರಲಿಲ್ಲ. ಅಜ್ಜಿ ಯಾವಾಗಲಾದರೂ ಬಂದರೆ ಬಾಗಿಲ ಹಿಂದೆ ನಿಂತು ನನ್ನ ಹತ್ತಿರ, "ನಿನ್ನ ಅಪ್ಪಯ್ಯಂಗೆ ಹೇಳು, ಆರೋಗ್ಯವಾ ಅಂತ" ಎನ್ನುತ್ತಿದ್ದಳು. ಅಪ್ಪಯ್ಯ ಬಾಗಿಲ ಈಚೆ ನಿಂತು, "ಅಜ್ಜಿಗೆ ಹೇಳು, ಆರೋಗ್ಯ ಅಂತ" ಎನ್ನುತ್ತಿದ್ದ. ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು. ಆದರೂ ನಾನು ಎರಡೂ ಕಡೆ ತಲೆ ತಿರುಗಿಸಿ ಹೇಳಿದ್ದನ್ನೇ ಹೇಳಬೇಕು. ನನ್ನ ಕತ್ತು ಈಗಲೂ ಉಳುಕುವುದಕ್ಕೆ ಅದೇ ಕಾರಣ ಇರಬಹುದು.

ಒಮ್ಮೆ ಹೋಗಿ ಕಣ್ಣಾರೆ ತವರು ನೋಡಿ, ಅಜ್ಜಿಯನ್ನು ಒಪ್ಪಿಸಿ ಕರೆದುಕೊಂಡು ಬರಬೇಕೆಂದು ಅಮ್ಮನ ಆಸೆ. ಆದರೆ ಹೋದರೆ ಸಿಂಧಿಯ ಕೆಚ್ಚಲು ಬಾತು ಕೂರುತ್ತದೆ. ಅಮ್ಮ ಒಲೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದಳು. ಅಪ್ಪಯ್ಯ ಹೋಟೆಲಿನಲ್ಲಿ ಸಕ್ಕರೆ ಮರೆತು ಟೀ ಕೊಡುತ್ತಿದ್ದ. ಬೇರಿನ ಟೀ ಕುಡಿಯುತ್ತಿದ್ದ ಇಬ್ರಾಹಿಂ ಸಾಬರು ವಿಷಯ ಕೇಳಿ, "ಅಷ್ಟೇ ಅಲ್ವಾ? ನಾಳೆ ಆ ಕಡೆಗೇ ಖಾಲಿ ಲಾರಿ ಹೊಡ್ಕೊಂಡು ಹೋಗ್ತಾ ಇದೀನಿ. ಅಕ್ಕನ್ನೂ ಕಳ್ಸಿ, ದನಾನೂ ಹತ್ಸಿ" ಎಂದರು.

ದನ ತವರಿಗೆ ಹೋದದ್ದನ್ನು ಅದಕ್ಕೆ ಮೊದಲು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಲಾರಿಯನ್ನು ಒಂದು ದಿಬ್ಬಕ್ಕೆ ಆನಿಸಿ ನಿಲ್ಲಿಸಿ, ಹುಲ್ಲು ಹಾಸಿ, ಮೊದಲು ಕರುವನ್ನು ಎತ್ತಿ ಒಳಗಿಟ್ಟರು. ಕರು ಕೂಗಿತು, ಸಿಂಧಿ ಬಸ್ಸು ಹತ್ತಿ ಅಭ್ಯಾಸವಿದ್ದವಳ ಹಾಗೆ ಹಿಂದೆಯೇ ನಡೆದುಹೋಯಿತು. ಅಮ್ಮ ನನ್ನನ್ನು ಕರೆದುಕೊಂಡು ಮುಂದೆ ಕುಳಿತಳು. ಹೊಸನಗರದ ಪೇಟೆಯಲ್ಲಿ ಲಾರಿ ನಿಧಾನವಾದಾಗ ಒಬ್ಬರು, "ಮದ್ವೆಗಾ?" ಎಂದು ಕೇಳಿದರು. ಸಾಬರು, "ಹೌದು, ದನದ ಕಡೆಯವ್ರು ನಾವು" ಎಂದರು. ಅಮ್ಮ ಬಹಳ ದಿನಗಳ ಮೇಲೆ ನಕ್ಕಳು.

ಅಜ್ಜಿಯ ಊರು ತಲುಪಿದಾಗ ಆ ನಗು ನಿಂತಿತು. ಮನೆಗಳಿಗೆ ಹೆಂಚಿರಲಿಲ್ಲ, ಬಾಗಿಲಿರಲಿಲ್ಲ. ಜನ ಅದನ್ನೆಲ್ಲ ಕಿತ್ತು ಗಾಡಿಗೆ ಹೇರುತ್ತಿದ್ದರು. ಅಜ್ಜಿಯ ಮನೆಗೆ ಮಾತ್ರ ಎಲ್ಲವೂ ಇದ್ದಲ್ಲೇ ಇತ್ತು, ಕಿತ್ತು ಕೊಡುವವರಿಲ್ಲದೆ. ಕೊಟ್ಟಿಗೆ ಖಾಲಿ. ತನ್ನ ಗಿಡ್ಡಗಳನ್ನು ಅವಳು ನಿಟ್ಟೂರಿನ ನೆಂಟರಿಗೆ ಕೊಟ್ಟುಬಿಟ್ಟಿದ್ದಳು. ಹಾಗೆ ಕೊಟ್ಟ ಮೇಲೂ ದಿನಾ ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸುತ್ತಿದ್ದಳಂತೆ. ನೆಲ ನುಣ್ಣಗಿತ್ತು. ಅದನ್ನು ನೋಡಿ ಅಮ್ಮ ಅತ್ತಳು. ಅಮ್ಮ ಅಳುತ್ತಿದ್ದಾಳಲ್ಲ ಎಂದು ನನಗೂ ಅಳು ಬಂತು.

ಅಜ್ಜಿ ಅಳಲಿಲ್ಲ. ಸಿಂಧಿಯನ್ನು ಸುತ್ತು ಬಂದು ನೋಡಿದಳು. "ಇದೆಂತ ಮಾರಾಯ್ತಿ, ದನವಾ, ಆನೆಮರಿಯಾ?" ಎಂದಳು. ಆಮೇಲೆ ತನ್ನ ಗಿಡ್ಡಗಳ ಗೂಟಕ್ಕೇ ಕಟ್ಟಿದಳು.

"ನಂಜೊತೆ ಬಂದ್ಬಿಡು ಅಮ್ಮ" ಎಂದು ಅಮ್ಮ ಶುರುಮಾಡಿದಳು.

"ಬರಾದಿಲ್ಲ ಅಂದ್ನಲ್ಲ. ಕೂತು ಉಂಬಕ್ಕೆ ನನ್ನ ಕೈಕಾಲೆಂತ ಬಿದ್ದುಹೋಗಿಲ್ಲ. ನಿಮ್ಮ ಮನೇಲಿ ನಂಗೆ ಎಂತ ಕೆಲ್ಸ ಇದೆ ಹೇಳು?"

ಅಮ್ಮ ಕಣ್ಣೊರೆಸಿಕೊಂಡು, ಕೊಡ ತೆಗೆದುಕೊಂಡು, ಕಡೆಯ ಸಲ ಎಂದು ಹೊಳೆಯ ನೀರಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಅಮ್ಮ ಹೊಳೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದಳು. ಹಾಲು ಕರೆಯುವ ಹೊತ್ತು ಮೀರಿತ್ತು. ವಾಪಸು ಬರುವಾಗ ಕರುವಿನ ಕೂಗು ಕೇಳಿಸಬೇಕಿತ್ತು, ಕೇಳಿಸಲಿಲ್ಲ. ಬೇರೇನೋ ಕೇಳಿಸಿತು. 'ಹುಂ... ಹುಂಹುಂ...'

ಅಜ್ಜಿ ಸಿಂಧಿಯ ಪಕ್ಕ ಕುಳಿತಿದ್ದಳು. ಮೊಣಕಾಲುಗಳ ನಡುವೆ ತಂಬಿಗೆ, ಅದರಲ್ಲಿ ನೊರೆ ಏರುತ್ತಿತ್ತು. ಸಿಂಧಿ ಕಣ್ಣು ಅರೆಮುಚ್ಚಿ ನಿಂತಿತ್ತು. ಅಮ್ಮನನ್ನು ನೋಡಿ ಅಜ್ಜಿ ತಪ್ಪು ಮಾಡಿದವಳಂತೆ, "ಕೆಚ್ಚಲು ಬಿರಿತಾ ಇತ್ತು, ನೋಡಕ್ಕಾಗಲಿಲ್ಲ. ನಿಮ್ಮ ದನ, ಕೇಳ್ದೆ ಕೈ ಹಾಕ್ದೆ" ಎಂದಳು.

ಅಮ್ಮ ಕೊಡ ಇಳಿಸಲೇ ಇಲ್ಲ. ಸೊಂಟದ ಮೇಲೆ ಹಾಗೇ ಇಟ್ಟುಕೊಂಡು, "ಅಮ್ಮ, ಇದು ನನ್ನ ಬಿಟ್ರೆ ಯಾರ್ಗೂ ಕೊಡಾದಿಲ್ಲ. ನಾನು ಒಂದಿನ ಮಲಗಿದ್ರೆ ಹೋಟ್ಲು ಮುಚ್ಚಬೇಕು. ಇದು ಬಂದಾಗಿಂದ ನಾನು ಎಲ್ಲೂ ಹೋಗಿಲ್ಲ. ಇವತ್ತು ಇದನ್ನೂ ಲಾರೀಲಿ ಹಾಕ್ಕಂಡು ಬಂದಿದೀನಿ ನೋಡು" ಎಂದಳು.

ಅಜ್ಜಿ ಕರೆಯುವುದನ್ನು ನಿಲ್ಲಿಸಲಿಲ್ಲ. ಸೊರೆ ಮುಗಿಯುವ ತನಕ ಕರೆದು, ಎದ್ದು, ಕರುವನ್ನು ಬಿಟ್ಟಳು. ಕರು ಕುಡಿಯುವುದನ್ನು ನೋಡುತ್ತ ನಿಂತು ಹೇಳಿದಳು. "ಅನ್ನಕ್ಕೆ ಬರಾದಿಲ್ಲ. ದನಕ್ಕಾದ್ರೆ ಬರ್ತೀನಿ."

ಮರುದಿನ ದಿಮ್ಮಿ ಸಿಗದೆ ಖಾಲಿಯೇ ಬಂದ ಲಾರಿ ಹೊರಟಾಗ ಅಜ್ಜಿ ಡ್ರೈವರ್ ಪಕ್ಕ ಕೂರಲು ಒಪ್ಪಲಿಲ್ಲ. ಹಿಂದೆ ಸಿಂಧಿಯ ಜೊತೆ, ಕರುವನ್ನು ಅವುಚಿಕೊಂಡು, ತನ್ನ ಅಕ್ಕಿ ಮೂಟೆಯ ಮೇಲೆ ಕುಳಿತಳು. ಜೊತೆಗೆ ಒಂದು ಕಡೆಗೋಲು ಮಾತ್ರ ತಂದಳು. ಊರು ಮರೆಯಾಗುವ ತಿರುವಿನಲ್ಲಿ ಅವಳು ತಿರುಗಿ ನೋಡಿದಳೋ ಇಲ್ಲವೋ ಮುಂದೆ ಕುಳಿತ ನಮಗೆ ಗೊತ್ತಾಗಲಿಲ್ಲ. ಅಮ್ಮ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ನಮ್ಮ ಮನೆಗೆ ಬಂದವಳೇ ಅಜ್ಜಿ ಕೊಟ್ಟಿಗೆಯನ್ನು ವಹಿಸಿಕೊಂಡಳು. ಜನ್ಮದಲ್ಲಿ ಹಾಲು ಮಾರದವಳು ಹೋಟೆಲಿನ ಹಸು ಕರೆಯುವುದು ಹೇಗೆ ಎಂದು ಅಕ್ಕಪಕ್ಕದವರು ಕೆಣಕಿದರೆ, "ನಾನೆಲ್ಲಿ ಹಾಲು ಮಾರ್ತೀನಿ? ಅಳಿಯಂದ್ರು ಟೀ ಮಾರ್ತಾರೆ" ಎನ್ನುತ್ತಿದ್ದಳು. ದಿನವೂ ಒಂದಿಷ್ಟು ಹಾಲು ತೆಗೆದಿಟ್ಟು, ಹೆಪ್ಪು ಹಾಕಿ ಕಡೆದು, ಹೋಟೆಲಿನ ಬಾಗಿಲಲ್ಲಿ ಒಂದು ಗಡಿಗೆ ಮಜ್ಜಿಗೆ ಇಡಿಸಿದಳು. ಬೇಕಾದವರು ಕುಡಿಯಬಹುದು, ದುಡ್ಡಿಲ್ಲ. ಅಪ್ಪಯ್ಯನಿಗೆ ಹೊಟ್ಟೆಯುರಿಯಿತು, ಆದರೆ ಅತ್ತೆಗೆ ಹೇಳುವುದು ಹೇಗೆ? ನನ್ನ ಮೂಲಕ ಹೇಳಿಸಲು ಹೊರಟ, ಅಷ್ಟರಲ್ಲಿ ಮಜ್ಜಿಗೆಗೆಂದು ಬಂದವರು ಬೆಂಚಿನ ಮೇಲೆ ಕುಳಿತು ಬನ್ಸು ತಿನ್ನತೊಡಗಿದ್ದರು. ಸುಮ್ಮನಾದ. ಅಮ್ಮ ನೆಂಟರ ಮನೆಗಳಿಗೆ ಹೋಗಿ ಬರತೊಡಗಿದಳು. ಹಿಂದೆ ತಪ್ಪಿದ ಮದುವೆಗಳವರನ್ನೆಲ್ಲ ಸೇರಿಸಿ ಮಾತಾಡಿಸಿಕೊಂಡು ಬರುತ್ತಿದ್ದಳು. ಅಜ್ಜಿಯ ಬೆನ್ನು ಸ್ವಲ್ಪ ನೆಟ್ಟಗಾದಂತೆಯೂ ಕಾಣುತ್ತಿತ್ತು. ಅವಳು ಯಾರ ಹಂಗಿನಲ್ಲೂ ಇರಲಿಲ್ಲ. ಅವಳಿಲ್ಲದಿದ್ದರೆ ರಿಪ್ಪನ್‌ಪೇಟೆಯ ಬಸ್ಸಿನವರಿಗೆ ಟೀ ಇಲ್ಲ.

ಸಿಂಧಿಯ ಎರಡನೆಯ ಕರು ಹುಟ್ಟಿದ ಮೇಲಿನ ಮಾತು. ಅಮ್ಮ ತೀರ್ಥಹಳ್ಳಿಗೆ ಬಾಣಂತಿಯೊಬ್ಬಳನ್ನು ನೋಡಲು ಹೋಗಿದ್ದಳು. ಅವತ್ತೇ ಅಜ್ಜಿಗೆ ಜ್ವರ ಏರಿ, ಎರಡು ಕಂಬಳಿ ಹೊದ್ದು ಮಲಗಿಬಿಟ್ಟಳು. ಸಂಜೆಯಾಯಿತು. ಕರು ಕೂಗತೊಡಗಿತು. ಅಪ್ಪಯ್ಯ ಬೀಡಿ ಆರಿಸಿ, ಒದೆ ತಿನ್ನಲು ಸಿದ್ಧನಾಗಿ, ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋದ. ನಾನು ಕಂಬದ ಹಿಂದೆ ನಿಂತೆ, ನಗಬೇಕಾಗಿ ಬರಬಹುದೆಂದು.

ಅವನು ಕುಳಿತ. ಗುನುಗಲೂ ಇಲ್ಲ. ಕೈ ಹಾಕಿದ, ಸಿಂಧಿ ಸೊರೆ ಬಿಟ್ಟಿತು. ತಂಬಿಗೆ ಅರ್ಧ ತುಂಬುವ ತನಕ ಅಪ್ಪಯ್ಯ ತಲೆ ಎತ್ತಲಿಲ್ಲ. ಆಮೇಲೆ ಒಮ್ಮೆಲೇ ಏನೋ ಹೊಳೆದವನಂತೆ ಕರೆಯುವುದನ್ನು ನಿಲ್ಲಿಸಿ, ಅಜ್ಜಿ ಮಲಗಿದ್ದ ಕೋಣೆಯ ಕಡೆ ನೋಡಿದ. ದನಕ್ಕೆಂದು ಬಂದವಳಿಗೆ ಇದು ಗೊತ್ತಾದರೆ?

ಮರುಗಳಿಗೆ ಅವನು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಅಪ್ಪಯ್ಯನ ಮೇಲೆ ಪ್ರೀತಿ ಉಕ್ಕುತ್ತದೆ. ಉಳಿದ ಹಾಲು ಕುಡಿಯಲು ಕರುವನ್ನು ಬಿಟ್ಟ. ಕರೆದ ಹಾಲನ್ನು ಬೋಗುಣಿಗೆ ಸುರಿದು ಅದನ್ನೂ ಕರುವಿನ ಮುಂದೆ ಇಟ್ಟ. ಖಾಲಿ ತಂಬಿಗೆಯನ್ನು ಕಲ್ಲಿಗೆ ಢಣ್ ಎಂದು ಬಡಿದು, "ಹಾಳಾದ ದನ! ಒದ್ದು ಎಲ್ಲಾ ಚೆಲ್ಲಿಬಿಡ್ತಲ್ಲ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಅವತ್ತು ಕಡೆಯ ಬಸ್ಸಿನವರಿಗೆ ಬರೀ ಕರಿ ಟೀ.

ಬೆಳಿಗ್ಗೆ ಅಜ್ಜಿಯ ಜ್ವರ ಬಿಟ್ಟಿತ್ತು. ನಡುಗುತ್ತಲೇ ಎದ್ದು, ಕಂಬಳಿ ಹೊದ್ದು ಕೊಟ್ಟಿಗೆಗೆ ಹೋದಳು. ಆಮೇಲೆ ಬಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಈಚೆ ಅಪ್ಪಯ್ಯ ಒಲೆಗೆ ಸೌದೆ ಒಟ್ಟುತ್ತಿದ್ದ. ನಾನು ನನ್ನ ಕತ್ತನ್ನು ಸಿದ್ಧಮಾಡಿಕೊಂಡೆ. ಆದರೆ ಅಜ್ಜಿ ನನ್ನನ್ನು ಕರೆಯಲಿಲ್ಲ. ಬಾಗಿಲು ಸರಿಸಿ ಈಚೆ ಬಂದು, ಅವನ ಎದುರಿಗೇ ನಿಂತಳು.

"ಅಳಿಯಂದ್ರೇ, ನಿನ್ನೆ ದನ ಒದೀತಂತೆ."

ಅಪ್ಪಯ್ಯನ ಕೈಯ ಸೌದೆ ಕೆಳಗೆ ಬಿತ್ತು. ಎದ್ದು ನಿಂತು ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹೌದು ಅತ್ತೆ."

"ಹಾಲೆಲ್ಲ ಚೆಲ್ಲಿತಂತೆ."

"ಹೌದು ಅತ್ತೆ. ಒಂದು ಹನಿ ಉಳೀಲಿಲ್ಲ."

"ನೆಲ ಒಣಗಿಯೇ ಇದೆ. ಕರುಗೆ ಕುಡಿದು ಕುಡಿದು ಹೊಟ್ಟೆ ಕೆಟ್ಟಿದೆ."

ಅಪ್ಪಯ್ಯ ತಲೆ ತಗ್ಗಿಸಿದ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅಜ್ಜಿ ಅವನನ್ನು ನೋಡುತ್ತ ನಿಂತಳು. ಅವಳ ಕಣ್ಣು ತುಂಬಿದ್ದು ಜ್ವರಕ್ಕೆ ಎಂದು ನಾನು ಆಗ ತಿಳಿದೆ. ಕಡೆಗೆ ಅವಳೇ ಹೇಳಿದಳು.

"ಹೋಗ್ಲಿ ಬಿಡಿ. ನನ್ನ ಬಿಟ್ರೆ ಅದು ಯಾರ್ಗೂ ಕೊಡಾದಿಲ್ಲ."

"ಇಲ್ಲ ಅತ್ತೆ," ಎಂದ ಅಪ್ಪಯ್ಯ, "ಯಾರ್ಗೂ ಕೊಡಾದಿಲ್ಲ."

ಅಜ್ಜಿ ತಂಬಿಗೆ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಗುನುಗು ಕೇಳಿಸಿತು. ಅಪ್ಪಯ್ಯ ಟೀ ಪುಡಿಯ ಡಬ್ಬಿ ಕೈಯಲ್ಲಿ ಹಿಡಿದು, ಹಾಲು ಬರಲಿ ಎಂದು ಕಾಯುತ್ತ ನಿಂತ.